ಹೊಟ್ಟೆ ಚಿಕ್ಕದು ಮಾಡಿ ತೂಕ ಇಳಿಸುವ ಸ್ಲೀವ್ ಆಪರೇಷನ್ ಆಗಿ ಎಂಟು ತಿಂಗಳಿಗೆ ತೂಕ ನಿಂತುಬಿಟ್ಟಿದೆ. ಮತ್ತೆ ಬರೀ ಗಂಜಿ, ಅಂಬಲಿಗೆ ಹೋಗಲಾ? ಇಲ್ಲ ಎರಡನೇ ಆಪರೇಷನ್ ಬೇಕಾ?

ಎರಡೂ ಬೇಡ. ಅದರಲ್ಲೂ ಬರೀ ಅಂಬಲಿಗಂತೂ ಖಂಡಿತ ವಾಪಸ್ ಹೋಗಬೇಡಿ. "ದಿನಕ್ಕೆ ಒಂದು ತಟ್ಟೆ ಇಡ್ಲಿ, ಎರಡು ಲೋಟ ಅಂಬಲಿ, ನಡುವೆ ಕಾಫಿ, ರಸ್ಕ್. ಇಷ್ಟೇ ತಿಂದರೂ ಒಂದೂವರೆ ತಿಂಗಳಿಂದ ತೂಕ ಅಲ್ಲಾಡಿಲ್ಲ, ಕೂದಲು ಬೇರೆ ಉದುರ್ತಿದೆ" ಅಂತ ಬರೆದಿದ್ದೀರಲ್ಲ, ಅದು ನಾನೇ ಬರೆದ ಹಾಗಿತ್ತು. ನನ್ನದೂ ಸ್ಲೀವ್. ನಾನೂ ಇದನ್ನೇ ತಿನ್ನುತ್ತಿದ್ದೆ.

ನಾನು ತುಮಕೂರಿನವಳು. ಮನೆಯ ಮುಂದಿನ ರೂಮಿನಲ್ಲೇ ಟೈಲರಿಂಗ್ ಮಾಡುತ್ತೇನೆ. ಮೊದಲು 112 ಕೆ.ಜಿ. ಇದ್ದೆ. ಶುಗರ್ ಬಂತು, ಮಂಡಿ ನೋವು ಶುರುವಾಯಿತು, ರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದೆವು. ಆಪರೇಷನ್ ಬಗ್ಗೆ ಇವತ್ತಿಗೂ ನನ್ನ ದೂರಿಲ್ಲ. ಹೊಲಿಗೆ ಬೇಗ ಮಾಗಿತು, ಶುಗರ್ ಮಾತ್ರೆಯನ್ನು ಡಾಕ್ಟರೇ ಕಮ್ಮಿ ಮಾಡುತ್ತಾ ಬಂದರು. ಕೆಟ್ಟಿದ್ದೆಲ್ಲ ಆಮೇಲೆ, ನನ್ನ ಅಡುಗೆಮನೆಯಲ್ಲಿ.

ಮೊದಲ ಎರಡು ವಾರ ಬರೀ ನೀರಿನಂಥದ್ದು: ತಿಳಿಸಾರು, ಮಜ್ಜಿಗೆ, ಪ್ರೋಟೀನ್ ಪೌಡರ್. ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನದು, ಎರಡು ತಿಂಗಳ ಹೊತ್ತಿಗೆ ಗಟ್ಟಿ ಊಟ. ನಿಮಗೂ ಹೀಗೇ ಹೇಳಿರುತ್ತಾರೆ. ನಮ್ಮ ಅತ್ತೆ ನನ್ನನ್ನು ಬಾಣಂತಿ ನೋಡಿಕೊಂಡ ಹಾಗೆ ನೋಡಿಕೊಂಡರು. ಆ ದಿನಗಳ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಕಷ್ಟ ಶುರುವಾಗಿದ್ದು ಗಟ್ಟಿ ಊಟಕ್ಕೆ ಬಂದಾಗ.

ನಮ್ಮ ಕಡೆ ಮುದ್ದೆ ನುಂಗುತ್ತಾರೆ, ಅಗಿಯುವುದಿಲ್ಲ. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಒಂದು ದಿನ ಹುರುಳಿಕಾಳಿನ ಸಾರು ಮಾಡಿದ್ದರು. ಆಸೆಯಾಯಿತು. ನಿಂಬೆಹಣ್ಣಿನ ಗಾತ್ರದ ಮುದ್ದೆ ಹಾಕಿಸಿಕೊಂಡು, ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ಅದು ಎದೆಮೂಳೆಯ ಹಿಂದೆ ಹೋಗಿ ನಿಂತಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಬಾಯಿ ತುಂಬ ನೊರೆ ನೊರೆ ಎಂಜಲು. ಬಚ್ಚಲಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದೆ, ಜೀವ ಬಾಯಿಗೆ ಬಂದಿತ್ತು. ಇನ್ನೊಂದು ದಿನ ಬೇಯಿಸಿದ ಮೊಟ್ಟೆ ಅರ್ಜೆಂಟಲ್ಲಿ ತಿಂದೆ, ಅದೂ ಹಾಗೇ ಆಯಿತು. ಅವತ್ತಿನಿಂದ ಗಟ್ಟಿ ಪದಾರ್ಥ ಅಂದರೆ ಭಯ.

ಅತ್ತೆಗೂ ಭಯ. "ನಿನಗೆ ಯಾವುದು ಸಲೀಸಾಗಿ ಇಳಿಯುತ್ತೋ ಅದನ್ನೇ ತಿನ್ನು ಮಗಾ" ಅಂದರು. ನನಗೂ ಅದೇ ಸರಿ ಅನ್ನಿಸಿತು. ನನ್ನ ತಪ್ಪು ಶುರುವಾಗಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನೀವೂ ಇದೇ ಜಾಗದಲ್ಲಿ ನಿಂತಿದ್ದೀರಿ.

ಸಲೀಸಾಗಿ ಇಳಿಯುವುದು ಯಾವುದು? ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಬಾಯಲ್ಲಿಟ್ಟರೆ ಕರಗುತ್ತದೆ, ಅದನ್ನು ಸಾಂಬಾರಲ್ಲಿ ನೆನೆಸಿದರೆ ಕೇಳಲೇಬೇಡಿ. ಕಾಫಿಯಲ್ಲಿ ಅದ್ದಿದ ರಸ್ಕ್. ಹಾಲು ಸಕ್ಕರೆ ಹಾಕಿದ ರಾಗಿ ಗಂಜಿ. ಮೊಸರಲ್ಲಿ ಕಲಸಿ ಕಿವುಚಿದ ಮೆತ್ತನೆ ಅನ್ನ. ನೋವಿಲ್ಲ, ವಾಂತಿಯಿಲ್ಲ. ಪಕ್ಕದಲ್ಲಿ ನೀರಿನ ಲೋಟ ಇಟ್ಟುಕೊಂಡು ತುತ್ತಿಗೊಂದು ಗುಟುಕು ಕುಡಿಯುತ್ತಿದ್ದೆ, ಇನ್ನೂ ಚೆನ್ನಾಗಿ ಇಳಿಯುತ್ತಿತ್ತು.

ಸ್ಲೀವ್‌ನಲ್ಲಿ ಏನು ಮಾಡಿರುತ್ತಾರೆ ಗೊತ್ತಲ್ವಾ? ಹೊಟ್ಟೆಯ ಶೇ. 75ರಿಂದ 80ರಷ್ಟು ಭಾಗ ಕತ್ತರಿಸಿ ತೆಗೆದು, ಉದ್ದನೆಯ ಸಣ್ಣ ಕೊಳವೆಯಷ್ಟು ಮಾತ್ರ ಬಿಟ್ಟಿರುತ್ತಾರೆ. ಗಟ್ಟಿ ಊಟ ಆ ಕೊಳವೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಕೂತಾಗಲೇ ಗೋಡೆ ಹಿಗ್ಗಿ "ಸಾಕು" ಅನ್ನುವ ಸುದ್ದಿ ತಲೆಗೆ ಹೋಗುತ್ತದೆ. ಈ ಆಪರೇಷನ್‌ನ ಅರ್ಧ ಕೆಲಸ ಅದೇ. ಗಂಜಿ, ಅಂಬಲಿ, ನೆನೆದ ಇಡ್ಲಿ ಅಲ್ಲಿ ಕೂರುವುದೇ ಇಲ್ಲ, ಜಾರಿ ಕರುಳಿಗೆ ಹೋಗಿಬಿಡುತ್ತವೆ. ಊಟದ ಜೊತೆ ನೀರು ಕುಡಿದರೆ ಗಟ್ಟಿ ಊಟವನ್ನೂ ಬೇಗ ತಳ್ಳಿದ ಹಾಗಾಗುತ್ತದೆ. ಅಂದರೆ ನಾನು ಅಷ್ಟು ಖರ್ಚು ಮಾಡಿ ಹೊಟ್ಟೆ ಚಿಕ್ಕದು ಮಾಡಿಸಿಕೊಂಡು, ಆ ಚಿಕ್ಕ ಹೊಟ್ಟೆಗೆ ಕೆಲಸವೇ ಕೊಡದೆ ಊಟ ಮಾಡುತ್ತಿದ್ದೆ.

ಮೊದಲ ತಿಂಗಳುಗಳಲ್ಲಿ ಇದು ಗೊತ್ತಾಗುವುದೇ ಇಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಜಾಸ್ತಿ ತಯಾರಾಗುವುದು ಹೊಟ್ಟೆಯ ಮೇಲಿನ ಭಾಗದಲ್ಲಿ. ಕತ್ತರಿಸಿ ತೆಗೆಯುವುದು ಅದನ್ನೇ. ಹಾಗಾಗಿ ಹಸಿವೇ ಇರುವುದಿಲ್ಲ, ಏನು ತಿಂದರೂ ತೂಕ ಇಳಿಯುತ್ತದೆ. ನನ್ನದೂ ಇಳಿಯಿತು, 78ರವರೆಗೆ ಬಂದೆ. ತೂಕದ ಮಿಷನ್ ನೋಡಿ ಎಲ್ಲ ಸರಿಯಿದೆ ಅಂದುಕೊಂಡೆ. ಆಸ್ಪತ್ರೆಯವರು ಫೋನ್ ಮಾಡಿ ಚೆಕಪ್‌ಗೆ ಕರೆದರೆ "ಚೆನ್ನಾಗಿದ್ದೀನಿ, ಮುಂದಿನ ತಿಂಗಳು ಬರ್ತೀನಿ" ಅನ್ನುತ್ತಿದ್ದೆ. ವಿಟಮಿನ್ ಮಾತ್ರೆ ದಪ್ಪ, ನುಂಗಲು ಹಿಂಸೆ ಅಂತ ಅದನ್ನೂ ಬಿಟ್ಟೆ.

ಆಮೇಲೆ ತೂಕ ನಿಂತಿತು. ನಿಮ್ಮ ಹಾಗೇ ನಾನೂ ಗಾಬರಿಯಾಗಿ ಇನ್ನೂ ಕಮ್ಮಿ ತಿಂದೆ. ತಿಂದಿದ್ದನ್ನೂ ಇನ್ನೂ ನೀರು ಮಾಡಿ ತಿಂದೆ. ಅಷ್ಟು ಹೊತ್ತಿಗೆ ಹಸಿವು ಮೆಲ್ಲಗೆ ವಾಪಸ್ ಬಂದಿತ್ತು. ಕುಡಿದ ಗಂಜಿ ಒಂದು ಗಂಟೆಯೂ ನಿಲ್ಲುತ್ತಿರಲಿಲ್ಲ. ಹೊಲಿಗೆ ಮಿಷನ್ ಮುಂದೆ ಕೂತು ಅದೊಂದು ರಸ್ಕ್, ಇದೊಂದು ಬಿಸ್ಕತ್ತು. ಒಂದೊಂದೇ ಆದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ತೂಕ 86ಕ್ಕೆ ಏರಿತು.

ತೂಕ ಏರಿದ್ದು ಚಿಕ್ಕ ವಿಷಯ. ಅಂಗಾಲು ಜುಂ ಅನ್ನಲು ಶುರುವಾಯಿತು. ಹೊಲಿಗೆ ಮಿಷನ್‌ನ ಪೆಡಲ್ ಮೇಲೆ ಕಾಲಿಟ್ಟಿದ್ದೀನಾ ಇಲ್ಲವಾ ಅಂತ ಬಗ್ಗಿ ನೋಡಬೇಕಾಗುತ್ತಿತ್ತು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಬ್ಲೌಸ್ ಅಳತೆ ತೆಗೆಯುವ ಟೇಪಿನಲ್ಲಿ ನನ್ನನ್ನೇ ಅಳೆದು ನೋಡಿದೆ. ತೋಳು, ತೊಡೆ ಸಣ್ಣಗಾಗಿವೆ, ಸೊಂಟ ಇದ್ದಲ್ಲೇ ಇದೆ. ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟರ ಹತ್ತಿರ, ಬಿ12 ಪಾತಾಳದಲ್ಲಿ. ಬಿ12 ಇಂಜೆಕ್ಷನ್, ಕಬ್ಬಿಣದ ಅಂಶದ ಡ್ರಿಪ್ ಎಲ್ಲ ಆಯಿತು. ಕಾಲಿನ ಜೋಮು ಪೂರ್ತಿ ಹೋಗಿದೆ ಅಂತ ಈಗಲೂ ಹೇಳಲಾರೆ.

ನನ್ನನ್ನು ದಾರಿಗೆ ತಂದವರು ಆಮೇಲೆ ಸಿಕ್ಕಿದ ಡಯಟಿಷಿಯನ್. ಆಯಮ್ಮ ಚಾರ್ಟ್ ಕೊಟ್ಟು ಕಳಿಸಲಿಲ್ಲ. "ಮನೆಯಿಂದ ಡಬ್ಬಿ ತನ್ನಿ, ನನ್ನ ಮುಂದೆ ಊಟ ಮಾಡಿ" ಅಂದರು. ಡಬ್ಬಿಯಲ್ಲಿ ಇಡ್ಲಿ, ಸಾಂಬಾರು, ಒಂದು ಮೊಟ್ಟೆ. ನಾನು ಇಡ್ಲಿಯಿಂದ ಶುರು ಮಾಡಿ, ನಡುವೆ ನಾಲ್ಕು ಗುಟುಕು ನೀರು ಕುಡಿದು, ಮೊಟ್ಟೆ ಹಾಗೇ ಬಿಟ್ಟೆ. ಅವರು ನೀರಿನ ಬಾಟಲಿ ಎತ್ತಿ ಆಚೆ ಇಟ್ಟು, ಮೊಟ್ಟೆಯನ್ನು ಕಡಲೆಕಾಳಿನಷ್ಟು ಚಿಕ್ಕ ತುಂಡು ಮಾಡಿಸಿದರು. ಒಂದು ತುಂಡು ಬಾಯಿಗೆ ಹಾಕಿ ಚಮಚ ಕೆಳಗಿಡಬೇಕು, ಬಾಯಲ್ಲೇ ಪೂರ್ತಿ ನುಣ್ಣಗಾಗುವವರೆಗೆ ಅಗಿಯಬೇಕು, ಅದು ಇಳಿದ ಮೇಲೇ ಇನ್ನೊಂದು. ಅರ್ಧ ಮೊಟ್ಟೆಗೆ ಬಿಕ್ಕಳಿಕೆ ಬಂತು, ಮೂಗಲ್ಲಿ ನೀರು ಬಂತು. "ನಿಲ್ಲಿಸಿ, ನಿಮ್ಮ ಹೊಟ್ಟೆ ಈಗ ಸಾಕು ಅಂತಿದೆ" ಅಂದರು. ಗಟ್ಟಿ ಊಟ ನನಗೆ ಒಗ್ಗುವುದಿಲ್ಲ ಅಂದುಕೊಂಡಿದ್ದೆ. ಒಗ್ಗದೇ ಇದ್ದದ್ದು ನನ್ನ ಅವಸರ.

ಈಗ ನಿಮ್ಮ ತಟ್ಟೆಗೆ ಬರೋಣ. ಆಪರೇಷನ್ ಆದವರಿಗೆ ದಿನಕ್ಕೆ ಕಮ್ಮಿ ಅಂದರೂ 60 ಗ್ರಾಂ ಪ್ರೋಟೀನ್ ಬೇಕು, 80ರವರೆಗೂ ಹೇಳುತ್ತಾರೆ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, 100 ಗ್ರಾಮಿಗೆ 340 ಮಿಲಿಗ್ರಾಂ ಹತ್ತಿರ. ಆದರೆ ಪ್ರೋಟೀನ್ 100 ಗ್ರಾಂ ಹಿಟ್ಟಿಗೆ ಬರೀ 7 ಗ್ರಾಂ. ಒಂದು ಲೋಟ ಅಂಬಲಿಗೆ ಎರಡು ಚಮಚ ಹಿಟ್ಟು ಹಾಕಿದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಇಡ್ಲಿ, ಕಾಫಿ ಹಾಲು ಎಲ್ಲ ಸೇರಿಸಿದರೂ ನಿಮಗೆ ದಿನಕ್ಕೆ 15-20 ಗ್ರಾಂ ದಾಟುವುದು ಕಷ್ಟ. ಕೂದಲು ಉದುರುವುದಕ್ಕೆ ಎಣ್ಣೆ ಹುಡುಕಬೇಡಿ. ಬೇಗ ತೂಕ ಇಳಿದವರಿಗೆ ಮೂರ್ನಾಲ್ಕು ತಿಂಗಳ ಹೊತ್ತಿಗೆ ಕೂದಲು ಉದುರುವುದು ಮಾಮೂಲಿ, ಆಮೇಲೆ ನಿಲ್ಲುತ್ತದೆ. ಎಂಟನೇ ತಿಂಗಳಲ್ಲೂ ಉದುರುತ್ತಿದೆ ಅಂದರೆ ಪ್ರೋಟೀನ್, ಕಬ್ಬಿಣ ನೋಡಲೇಬೇಕು.

ನಾನು ಈಗ ತಿನ್ನುವ ಕ್ರಮ ಇಷ್ಟೇ: ತಟ್ಟೆಯಲ್ಲಿ ಮೊದಲು ಮೊಟ್ಟೆಯೋ, ಕೋಳಿಯೋ, ಪನೀರೋ, ನೀರು ಬಸಿದ ಹುರುಳಿಕಾಳೋ. ಆಮೇಲೆ ಸೊಪ್ಪಿನ ಪಲ್ಯ. ಜಾಗ ಉಳಿದರೆ ಕೊನೆಗೆ ಎರಡು ಬೆರಳಲ್ಲಿ ಹಿಡಿಯುವಷ್ಟು ಮುದ್ದೆ, ಅಗಿದು. ಹೌದು, ಮುದ್ದೆಯನ್ನೂ ಅಗಿಯುತ್ತೇನೆ. ನೆಂಟರು ನಗುತ್ತಾರೆ, ನಗಲಿ. ಊಟ ಆಗಿ ಅರ್ಧ ಗಂಟೆ ನೀರಿಲ್ಲ. ಉಳಿದ ಹೊತ್ತಲ್ಲಿ ಗುಟುಕು ಗುಟುಕಾಗಿ ಒಂದೂವರೆ, ಎರಡು ಲೀಟರ್ ಕುಡಿಯುತ್ತೇನೆ. ಬೆಳಿಗ್ಗೆ ಅಮಾನಿಕೆರೆ ಸುತ್ತ ನಡೆಯುತ್ತೇನೆ. ಆದರೆ ನಡಿಗೆಯೊಂದರಿಂದ ಮಾಂಸಖಂಡ ಉಳಿಯುವುದಿಲ್ಲ. ಅದಕ್ಕೇ ಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನೀರಿನ ಬಾಟಲಿ ಹಿಡಿದು ತೋಳು ಎತ್ತುವುದು ಕೂಡ ಮಾಡುತ್ತೇನೆ. ಈಗ 76ರ ಆಸುಪಾಸಿನಲ್ಲಿದ್ದೇನೆ. ಇನ್ನೂ ಇಳಿಯಬೇಕು ಅನ್ನುವ ಹಟ ನನಗಿಲ್ಲ.

ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. "ತೂಕ ನಿಂತಿದೆ, ಇನ್ನೇನು ಬಿಡಲಿ" ಅನ್ನುವ ಹಾಗೆ ಕೇಳುತ್ತಿದ್ದೀರಿ. ನೀವು ಬಿಡಬೇಕಾದ್ದಕ್ಕಿಂತ ತಿನ್ನಬೇಕಾದ್ದೇ ಜಾಸ್ತಿ ಇದೆ. ಎಂಟನೇ ತಿಂಗಳಲ್ಲಿ ತೂಕ ಇಳಿಯುವುದು ನಿಧಾನ ಆಗುವುದು, ಕೆಲವು ವಾರ ನಿಲ್ಲುವುದು ಸಹಜ. ಮೊದಲ ಆರು ತಿಂಗಳ ವೇಗ ಯಾರಿಗೂ ಕೊನೆತನಕ ಇರುವುದಿಲ್ಲ. ಇಳಿಯುವುದು ಒಂದು, ಒಂದೂವರೆ ವರ್ಷದವರೆಗೂ ನಡೆಯುತ್ತದೆ. ದಿನಾ ತೂಕ ನೋಡುವುದು ನಿಲ್ಲಿಸಿ, ತಿಂಗಳಿಗೊಮ್ಮೆ ಟೇಪ್ ಹಿಡಿದು ಸೊಂಟ, ತೋಳು, ತೊಡೆ ಅಳೆದು ಬರೆದಿಡಿ. ಸೊಂಟ ಇಳಿದು ತೋಳು ನಿಂತರೆ ಖುಷಿಪಡಿ. ತೋಳು ಮಾತ್ರ ಇಳಿಯುತ್ತಿದ್ದರೆ ಭಯಪಡಿ. ಕೆಲವರು ಹತ್ತು ದಿನ ಬರೀ ಜ್ಯೂಸ್, ಗಂಜಿ ಕುಡಿದು ಹೊಟ್ಟೆಯನ್ನು ಮತ್ತೆ ಚಿಕ್ಕದು ಮಾಡಿಕೊಳ್ಳಬಹುದು ಅನ್ನುತ್ತಾರೆ. ಹಾಗೆ ಯಾವ ಹೊಟ್ಟೆಯೂ ಕುಗ್ಗುವುದಿಲ್ಲ.

ಎರಡನೇ ಆಪರೇಷನ್, ಅಂದರೆ ಸ್ಲೀವ್‌ನಿಂದ ಹೊಟ್ಟೆಯ ಬೈಪಾಸ್‌ಗೆ (ಹೊಟ್ಟೆಯ ಚಿಕ್ಕ ಭಾಗವನ್ನು ನೇರ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವುದು) ಬದಲಾಯಿಸುವುದು, ತಡೆಯಲಾಗದ ಎದೆಯುರಿ ಇದ್ದವರಿಗೆ, ಎಲ್ಲ ಸರಿಯಾಗಿ ಮಾಡಿಯೂ ತೂಕ ಇಳಿಯದವರಿಗೆ ಮಾಡುತ್ತಾರೆ. ನಿಮ್ಮ ಸ್ಥಿತಿ ಅದಲ್ಲ. ಬೈಪಾಸ್ ಆದ ಮೇಲೆ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಮೈಗೆ ಹತ್ತುವುದು ಇನ್ನೂ ಕಮ್ಮಿಯಾಗುತ್ತದೆ. ಸಿಹಿ ಗಂಜಿ ಕುಡಿದರೆ ಬೆವರು, ಎದೆಬಡಿತ, ಭೇದಿ ಆಗಬಹುದು. ಇದೇ ಊಟ ಇಟ್ಟುಕೊಂಡು ಅಲ್ಲಿಗೆ ಹೋದರೆ ನನಗಾದದ್ದಕ್ಕಿಂತ ಜಾಸ್ತಿ ಅನುಭವಿಸುತ್ತೀರಿ.

ಈ ವಾರವೇ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್), ಥೈರಾಯ್ಡ್, ಶುಗರ್ ಪರೀಕ್ಷೆ ಮಾಡಿಸಿ. ಇದಕ್ಕೆ ಬೆಂಗಳೂರಿಗೆ ಹೋಗಬೇಕಿಲ್ಲ, ನಮ್ಮೂರಲ್ಲೇ ಆಗುತ್ತದೆ. ರಿಪೋರ್ಟ್ ಹಿಡಿದುಕೊಂಡು ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋಗಿ, ತಿನ್ನುವುದನ್ನು ಮುಚ್ಚಿಡದೆ ಹೇಳಿ. ವಿಟಮಿನ್ ಮಾತ್ರೆ ಜೀವನಪೂರ್ತಿ. ನುಂಗಲು ಆಗದಿದ್ದರೆ ಅಗಿಯುವಂಥದ್ದೋ ಸಿರಪ್ಪೋ ಬರೆಸಿಕೊಳ್ಳಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ತಗೋಬೇಡಿ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಮಂಡಿ ನೋವಿಗೆ ಮೆಡಿಕಲ್ ಸ್ಟೋರ್‌ನಲ್ಲಿ ಸುಮ್ನೆ ನೋವಿನ ಮಾತ್ರೆ ಕೇಳಿ ನುಂಗಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಬಹುದು.

ಒಂದು ವಿಷಯಕ್ಕೆ ಮಾತ್ರ ವಾರ ಕಾಯಬೇಡಿ. ದಿನಾ ವಾಂತಿಯಾಗುತ್ತಿದ್ದರೆ, ಕಣ್ಣಿಗೆ ಎಲ್ಲ ಎರಡೆರಡಾಗಿ ಕಂಡರೆ, ನಡೆಯುವಾಗ ತೂರಾಡಿದರೆ, ಮಾತು ಗೊಂದಲವಾದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ, ಸ್ಲೀವ್ ಆಗಿದೆ ಅಂತ ಬಾಗಿಲಲ್ಲೇ ಹೇಳಿ. ದಿನಾ ವಾಂತಿಯಾದರೆ ಬಿ1 ವಿಟಮಿನ್ ಖಾಲಿಯಾಗಬಹುದು, ಖಾಲಿಯಾದರೆ ಉಳಿದದ್ದೆಲ್ಲ ಆಗುತ್ತದೆ. ತಡವಾದರೆ ಮೆದುಳಿಗೇ ಪೆಟ್ಟು.

ಮೊಟ್ಟೆ, ಮಾಂಸ ತಿನ್ನುತ್ತೀರೋ ಇಲ್ಲವೋ ನೀವು ಬರೆದಿಲ್ಲ. ತಿನ್ನದವರಾದರೆ ಪನೀರ್, ಗಟ್ಟಿ ಮೊಸರು, ಸೋಯಾ, ಹುರುಳಿ, ಹೆಸರುಕಾಳಿನಲ್ಲೇ ಹೊಂದಿಸಬೇಕು, ಪೌಡರ್ ಕೂಡ ಬೇಕಾಗಬಹುದು. ಕಾಮೆಂಟಿನಲ್ಲಿ ತಿಳಿಸಿ, ನಮ್ಮ ಮನೆಯಲ್ಲಿ ಶನಿವಾರ, ಸೋಮವಾರ ಮಾಂಸ ಮಾಡದ ದಿನ ನಾನು ಏನೇನು ತಿನ್ನುತ್ತೇನೆ ಅಂತ ಬರೆಯುತ್ತೇನೆ.