ಮೂಗು ಓಡಲ್ಲ, ಸೋರುತ್ತೆ

ನಮಸ್ತೆ. ಇಂಗ್ಲಿಷಿನ ‘ರನ್’ ಪದಕ್ಕೆ ಎಷ್ಟೆಲ್ಲ ಅರ್ಥ ಇದೆ ಅಂತ ನೀವು ಕಳ್ಸಿದ ಲೇಖನ ನಿನ್ನೆ ರಾತ್ರಿ ಓದ್ದೆ, ಬೆಳಿಗ್ಗೆ ಇನ್ನೊಂದ್ಸಲ ಓದ್ದೆ. ಶ್ರಮಪಟ್ಟಿದ್ದೀರಿ, ಕಾಗುಣಿತ ತಪ್ಪಿಲ್ಲ, ಆಕ್ಸ್‌ಫರ್ಡ್ ನಿಘಂಟಿನವರು ಈ ಒಂದು ಕ್ರಿಯಾಪದಕ್ಕೇ 645 ಅರ್ಥ ಗುರುತಿಸಿದ್ದಾರೆ ಅನ್ನೋದೂ ಸರಿ, 1989ರ ಆವೃತ್ತಿಯಲ್ಲಿ ‘ಸೆಟ್’ ಮುಂದಿತ್ತು ಅನ್ನೋದೂ ಸರಿ. ಆದ್ರೆ ಎರಡನೇ ಪುಟಕ್ಕೆ ಬಂದಾಗ ನಂಗೆ ನಿಜವಾಗ್ಲೂ ಸಿಟ್ಟು ಬಂತು, ಅದನ್ನ ಮುಚ್ಚಿಟ್ಟು ‘ಚೆನ್ನಾಗಿದೆ, ಬರೀತಾ ಇರಿ’ ಅಂತ ಎರಡು ಸಾಲು ಕಳ್ಸೋಕೆ ಮನಸ್ಸು ಒಪ್ಲಿಲ್ಲ.

‘ಅವನ ಮೂಗು ಓಡುತ್ತಿದೆ’ ಅಂತ ಬರ್ದಿದ್ದೀರಿ. ನಿಮ್ಮ ಮನೇಲಿ ಯಾರಾದ್ರೂ ಹಾಗಂದಿದ್ದಾರಾ? ಮೂಗು ಸೋರುತ್ತೆ, ಸುರಿಯುತ್ತೆ. ‘ಸೀರೆಯ ಬಣ್ಣ ಓಡಿತು.’ ಬಣ್ಣ ಬಿಡುತ್ತೆ ರೀ, ಒಗೆಯೋ ಬಕೆಟ್ ಮುಂದೆ ಕೂತವರನ್ನ ಕೇಳಿ. ‘ಅವರು ಅಂಗಡಿಯನ್ನು ಓಡಿಸುತ್ತಾರೆ.’ ನಡೆಸ್ತಾರೆ, ಇಲ್ಲಾ ಅಂಗಡಿ ಇಟ್ಕೊಂಡಿದ್ದಾರೆ. ‘ಚುನಾವಣೆಗೆ ಓಡಿದರು’ ಅನ್ನೋದಂತೂ ನಂಗೆ ಅರ್ಥ ಆಗೋಕೇ ಒಂದು ನಿಮಿಷ ಹಿಡೀತು, ಅಮೆರಿಕದವರು ಚುನಾವಣೆಗೆ ರನ್ ಮಾಡ್ತಾರೆ, ಬ್ರಿಟಿಷರು ಸ್ಟ್ಯಾಂಡ್ ಆಗ್ತಾರೆ, ನಾವೂ ನಿಲ್ತೀವಿ. ಒಂದೇ ಕೆಲಸಕ್ಕೆ ಒಂದು ದೇಶ ಓಡುತ್ತೆ, ಇನ್ನೊಂದು ದೇಶ ನಿಲ್ಲುತ್ತೆ! ಇಡೀ ಲೇಖನ ಇದೊಂದ್ರ ಮೇಲೇ ನಿಲ್ಲಬಹುದಿತ್ತು, ನೀವು ಅರ್ಧ ಸಾಲಲ್ಲಿ ದಾಟಿ ಹೋಗಿದ್ದೀರಿ.

ಕನ್ನಡ ನಿಜವಾಗ್ಲೂ ಓಡೋ ಕಡೆ ನೀವು ನೋಡೇ ಇಲ್ಲ, ಅದೂ ಬೇಜಾರು. ಪಿಚ್ಚರ್ ನೂರು ದಿನ ಓಡ್ತು ಅಂತೀವಿ. ತಲೆ ಓಡ್ತಿಲ್ಲ ಅಂತೀವಿ. ಕ್ರಿಕೆಟ್‌ನಲ್ಲಿ ಮಾತ್ರ ‘ರನ್’ ಹಾಗೇ ಉಳ್ಕೊಂಡು, ಅದನ್ನ ಹೊಡೀತೀವಿ, ಕದೀತೀವಿ, ಸಿಕ್ಸರ್ ಬಿದ್ರೆ ಬ್ಯಾಟ್ಸ್‌ಮನ್ ಒಂದು ಹೆಜ್ಜೆ ಓಡದೇನೂ ಆರು ರನ್ ಬರುತ್ತೆ.

ನಾನು ಪತ್ರಿಕೆಯ ಸುದ್ದಿ ಡೆಸ್ಕಿಗೆ ಸೇರಿದಾಗ ಇಪ್ಪತ್ತಮೂರು ವರ್ಷ, ಟೆಲಿಪ್ರಿಂಟರ್‌ನಲ್ಲಿ ಬಂದ ಇಂಗ್ಲಿಷ್ ಸುದ್ದಿ ಹರ್ಕೊಂಡು ಕನ್ನಡ ಮಾಡೋದೇ ಕೆಲಸ. ಒಂದಿನ ‘ರನ್ ಆನ್ ದ ಬ್ಯಾಂಕ್’ ಅಂತ ಬಂತು, ನಾನು ‘ಬ್ಯಾಂಕಿನ ಮೇಲೆ ಓಟ’ ಅಂತ ಬರ್ದು ಕೊಟ್ಟೆ. ನಮ್ಮ ಮುಖ್ಯ ಉಪಸಂಪಾದಕರು ಹಾಳೆ ಹಿಡ್ಕೊಂಡು ನನ್ನ ಟೇಬಲ್ ಹತ್ರ ಬಂದು, ಯಾರು ಓಡಿದ್ರು, ಎಲ್ಲಿಂದ ಎಲ್ಲಿಗೆ ಓಡಿದ್ರು ಅಂತ ಕೇಳಿದ್ರು. ನಂಗೆ ಗೊತ್ತಿರ್ಲಿಲ್ಲ. ನಿಮ್ಮಮ್ಮಂಗೆ ಈ ಸುದ್ದಿ ಹೇಳೋ ಹಾಗೆ ನಂಗೆ ಹೇಳಿ ಅಂದ್ರು. ಬ್ಯಾಂಕ್ ಮುಳುಗುತ್ತೆ ಅಂತ ಭಯ ಬಿದ್ದು ಜನ ದುಡ್ಡು ವಾಪಸ್ ತಗೊಳೋಕೆ ಮುಗಿಬಿದ್ರು ಅಂದೆ. ‘ಮುಗಿಬಿದ್ರು’ ಅನ್ನೋದನ್ನ ಕೆಂಪು ಇಂಕಲ್ಲಿ ಬರ್ದು, ಸುತ್ತ ಗೆರೆ ಎಳ್ದು, ಏನೂ ಮಾತಾಡ್ದೆ ಹೋದ್ರು. ಆ ಹಾಳೆ ಬಹಳ ವರ್ಷ ನನ್ನ ಹತ್ರ ಇತ್ತು.

ಇನ್ನೊಂದು, ಇದು ನಂಗೆ ಜಾಸ್ತಿ ನೋವು ಮಾಡಿದ್ದು. ‘ಇಷ್ಟು ಅರ್ಥ ಹೊರುವ ಪದ ನಮ್ಮ ಬಡ ಕನ್ನಡದಲ್ಲಿ ಎಲ್ಲಿದೆ’ ಅಂತ ಮುಗಿಸಿದ್ದೀರಿ. ‘ಹರಿ’ ತಗೊಳ್ಳಿ. ನೀರು ಹರಿಯುತ್ತೆ, ಹಾವು ಹರಿಯುತ್ತೆ, ಬೆಳಕು ಹರಿಯುತ್ತೆ, ಋಣ ಹರಿಯುತ್ತೆ, ಅಂಗಿ ಹರಿಯುತ್ತೆ, ಗಮನ ಹರಿಸ್ತೀವಿ, ಜಗಳ ಬಗೆಹರಿಯುತ್ತೆ, ಸಿಟ್ಟು ಬಂದ್ರೆ ಹರಿಹಾಯ್ತೀವಿ. ಇದ್ರಲ್ಲಿ ಅಂಗಿ ಹರಿಯೋದು ಬೇರೇನೇ ಪದ, ಹಳಗನ್ನಡದಲ್ಲಿ ಅದು ‘ಪಱಿ’ (ಆಗಿನ ‘ಪ’ ಆಮೇಲೆ ‘ಹ’ ಆಯ್ತು), ಈಗ ಬಳಕೇಲಿ ಇಲ್ದಿರೋ ಆ ‘ಱ’ ಅಕ್ಷರ ಹೋದ್ಮೇಲೆ ಎರಡೂ ಒಂದೇ ಥರ ಕಾಣ್ತವೆ. ನೀರು ಹರಿಯೋದು ‘ಪರಿ’. ಆ ‘ಪರಿ’ಗೆ ಹರಿಯೋದು, ಓಡೋದು ಎರಡೂ ಅರ್ಥ ಇತ್ತು, ಹಳೇ ಕಾವ್ಯದಲ್ಲಿ ‘ಪರಿತಂದು’ ಅಂದ್ರೆ ಓಡಿ ಬಂದು ಅಂತ. ಈಗ ‘ರನ್’ ನೋಡಿ, ಅದ್ರ ಹಳೇ ಇಂಗ್ಲಿಷ್ ರೂಪ ‘ರಿನ್ನನ್’ಗೂ ಓಡು, ಹರಿ ಎರಡೂ ಅರ್ಥ. ಇಂಗ್ಲಿಷಿನವರ ಮೂಗು, ಸೀರೆ ಬಣ್ಣ, ನಲ್ಲಿ ನೀರು ಎಲ್ಲ ‘ರನ್’ ಆಗೋದು ಈ ಹರಿಯೋ ಅರ್ಥದಿಂದ, ನೀವು ಅದಕ್ಕೆ ಕಾಲು ಹಚ್ಚಿ ಓಡಿಸಿದ್ದೀರಿ! ಒಂದಕ್ಕೊಂದು ಸಂಬಂಧ ಇಲ್ದ ಎರಡು ಭಾಷೆ ಒಂದೇ ದಾರೀಲಿ ಹೋಗಿವೆ ಅನ್ನೋದು ಗೊತ್ತಾದಾಗ ನಂಗೆ ಎಷ್ಟು ಖುಷಿ ಆಗಿತ್ತು, ಅದು ನಿಮಗೂ ಆಗ್ಬೇಕು ಅಂತ ಆಸೆ.

ಎರಡನೇ ಪುಟ ಪೂರ್ತಿ ತೆಗೀರಿ. ಮನೆಯವರು, ಬಸ್ ಕಂಡಕ್ಟರ್, ಮೂಲೆ ಅಂಗಡಿಯವರು ಒಂದು ವಾರ ಏನೇನಕ್ಕೆ ಓಡು ಅಂತಾರೆ, ಏನಕ್ಕೆ ಅನ್ನಲ್ಲ ಅಂತ ಬರ್ಕೊಳ್ಳಿ, ಚುನಾವಣೆಯಿಂದ ಶುರು ಮಾಡಿ ಹೊಸದಾಗಿ ಬರೆದು ಕಳ್ಸಿ. ಬಂದ ದಿನಾನೇ ಓದ್ತೀನಿ.