ಮೀನು ಸತ್ತಿದ್ದು ನಿಮ್ಮ ಕೈಗುಣದಿಂದಲ್ಲ

ಹಾಸನದಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು. ಎರಡನೇ ಕ್ಲಾಸಿನ ಮಗಳ ಹುಟ್ಟುಹಬ್ಬಕ್ಕೆ ಒಂದು ಗಾಜಿನ ಬೌಲ್, ಎರಡು ಗೋಲ್ಡ್‌ಫಿಶ್, ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನುವ ಒಂದು ಸಕ್ಕರ್ ಮೀನು ತಂದರು. ಒಂಬತ್ತನೇ ದಿನ ಒಂದು ಗೋಲ್ಡ್‌ಫಿಶ್ ಸತ್ತಿತು. ಮಾರನೇ ದಿನ ಇನ್ನೊಂದು. ಅಂಗಡಿಯವರು ಹೊಸ ಜೋಡಿ ಕೊಟ್ಟರು. ಅದೂ ಹೋಯಿತು. ಹೀಗೆ ಮೂರು ಸಲ. ಈಗ ಸಕ್ಕರ್ ಒಂದೇ ಉಳಿದಿದೆ. ಮುಂದಿನದು ಅವರದೇ ಮಾತಿನಲ್ಲಿ:

"ಎರಡು ದಿನಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ ಹೊಸ ನೀರು ತುಂಬುತ್ತಿದ್ದೆ. ಕಲ್ಲುಗಳನ್ನೂ ತಿಕ್ಕಿ ತೊಳೆಯುತ್ತಿದ್ದೆ. ಆದರೂ ಹೀಗಾಯಿತು. ಮನೆಗೆ ಬರೋ ಕಂಟಕ ಮೀನಿನ ಮೇಲೆ ಹೋಯ್ತು ಅಂತ ಅತ್ತೆಯವರು ಸಮಾಧಾನ ಹೇಳುತ್ತಾರೆ. ನನಗೆ ಮಾತ್ರ ನನ್ನ ಕೈಗುಣವೇ ಸರಿಯಿಲ್ಲ ಅನ್ನಿಸಿಬಿಟ್ಟಿದೆ. ಸಕ್ಕರನ್ನು ಕೆರೆಗೆ ಬಿಟ್ಟು, ಪರಿಚಯದವರು ಕೊಡ್ತೀನಿ ಅಂದಿರೋ ಗಿಳಿಮರಿ ತರೋಣ ಅಂತಿದ್ದೇನೆ. ಏನು ಮಾಡಲಿ?"

ಪತ್ರದ ಕೊನೆಯಲ್ಲಿ ಮಗಳೂ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೆದಿದ್ದಾಳೆ: "ಮೀನು ನಿದ್ದೆ ಮಾಡೋವಾಗ ಕಣ್ಣು ಯಾಕೆ ಮುಚ್ಚಲ್ಲ?" ಅವಳಿಗೂ ಉತ್ತರ ಇದೆ. ಮೊದಲು ಅಮ್ಮನಿಗೆ.

ನಿಮ್ಮ ಕೈಗುಣದಲ್ಲಿ ಏನೂ ತಪ್ಪಿಲ್ಲ. ಹಸುಗೂಸಿನ ಬಾಟಲಿ ತೊಳೆದ ಹಾಗೆ ನೀವು ಆ ಬೌಲ್ ತೊಳೆದಿದ್ದೀರಿ. ತೊಂದರೆ ಆಗಿದ್ದೂ ಅಲ್ಲೇ. ಆದರೆ ಇದನ್ನು ನಿಮಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ಅಂಗಡಿಯವರೂ ಹೇಳಲಿಲ್ಲ.

ಬೌಲ್‌ನೊಳಗೆ ಏನಾಯಿತು ಅಂತ ನೋಡೋಣ. ಗೋಲ್ಡ್‌ಫಿಶ್ ಕೆಂಡೆ ಮೀನಿನ ಸಂಬಂಧಿ. ಅದಕ್ಕೆ ನಮ್ಮ ಹಾಗೆ ಹೊಟ್ಟೆಯ ಚೀಲ ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹಾಗಾಗಿ ಇಡೀ ದಿನ ತಿನ್ನುತ್ತಲೇ ಇರುತ್ತದೆ, ಕೊಳೆಯನ್ನೂ ಜಾಸ್ತಿ ಮಾಡುತ್ತದೆ. ಆ ಕೊಳೆಯಲ್ಲಿ ಕಣ್ಣಿಗೆ ಕಾಣುವ ಹಿಕ್ಕೆ ಒಂದು ಪಾಲು ಮಾತ್ರ. ಕಾಣದ ಪಾಲು ಅಮೋನಿಯಾ. ಮೀನು ಅದನ್ನು ಹೆಚ್ಚಾಗಿ ಕಿವಿರುಗಳಿಂದಲೇ ಹೊರಗೆ ಬಿಡುತ್ತದೆ. ನೀರು ಕನ್ನಡಿಯ ಹಾಗೆ ತಿಳಿಯಾಗಿದ್ದರೂ ಅದರ ತುಂಬ ಅಮೋನಿಯಾ ಇರಬಹುದು. ಅದು ಕಿವಿರನ್ನೇ ಸುಡುತ್ತದೆ. ಕಿವಿರು ಸುಟ್ಟ ಮೀನಿಗೆ ನೀರಲ್ಲಿದ್ದರೂ ಉಸಿರು ಸಿಗುವುದಿಲ್ಲ.

ಸಾಯುವ ಹಿಂದಿನ ದಿನ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು, "ಏನೋ ಹೇಳೋ ಹಾಗೆ" ಅಂತ ಬರೆದಿದ್ದೀರಿ. ಅದೇ ಇದು. ಉಸಿರಿಗಾಗಿ ಒದ್ದಾಡುತ್ತಿದ್ದವು.

ಹೊಳೆಯಲ್ಲಿ, ಕೆರೆಯಲ್ಲಿ ಹೀಗೇಕೆ ಆಗುವುದಿಲ್ಲ? ಅಲ್ಲಿ ಮೀನು ಕಡಿಮೆ, ನೀರು ಜಾಸ್ತಿ. ಅದರ ಜೊತೆಗೆ ಕಲ್ಲು, ಮರಳು, ಗಿಡದ ಬೇರು ಎಲ್ಲದರ ಮೇಲೂ ಸೂಕ್ಷ್ಮಜೀವಿಗಳು ಬದುಕಿರುತ್ತವೆ. ಒಂದು ಬಗೆಯವು ಅಮೋನಿಯಾ ತಿಂದು ನೈಟ್ರೈಟ್ ಮಾಡುತ್ತವೆ. ನೈಟ್ರೈಟೂ ವಿಷವೇ. ಅದು ರಕ್ತಕ್ಕೆ ಸೇರಿದರೆ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ, ಆಮ್ಲಜನಕ ಹೊರಲಾರದು. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮೀನು ಸಾಕಷ್ಟು ತಡೆದುಕೊಳ್ಳುತ್ತದೆ, ಗಿಡಗಳು ಹೀರಿಕೊಳ್ಳುತ್ತವೆ. ಹೊಸ ತೊಟ್ಟಿಯಲ್ಲಿ ಈ ಎರಡೂ ಬಗೆಯವು ಬೆಳೆದು ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ನಿಮ್ಮ ಬೌಲ್‌ನಲ್ಲಿ ಅವು ಕಲ್ಲಿನ ಮೇಲೆ ಕೂರಲು ಶುರು ಮಾಡಿದಾಗಲೆಲ್ಲ ನೀವು ತಿಕ್ಕಿ ತೊಳೆದಿರಿ. ಸಾಲದ್ದಕ್ಕೆ ನಲ್ಲಿ ನೀರಿನ ಕ್ಲೋರಿನ್ ಬಿತ್ತು. ಕ್ಲೋರಿನ್ ಹಾಕುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲು, ಅಲ್ವಾ? ಅದು ಒಳ್ಳೆಯವು ಕೆಟ್ಟವು ಅಂತ ನೋಡುವುದಿಲ್ಲ. ಮೀನಿನ ಕಿವಿರನ್ನೂ ಬಿಡುವುದಿಲ್ಲ.

ಇದೇ ತಪ್ಪು ನಮ್ಮ ಮನೆಯಲ್ಲೂ ಆಗಿದೆ. ಎರಡಡಿ ತೊಟ್ಟಿಯಲ್ಲಿ ಗಪ್ಪಿ ಎಂಬ ಪುಟ್ಟ ಮೀನುಗಳಿದ್ದವು. ಎರಡು ವರ್ಷ ಚೆನ್ನಾಗಿದ್ದವು. ದೀಪಾವಳಿಗೆ ಮನೆ ತೊಳೆಯುವಾಗ ತೊಟ್ಟಿಯೂ ಹೊಳೆಯಲಿ ಅಂತ ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಹಿಂಡಿದೆ. ಕಂದು ನೀರು ಇಳಿಯುತ್ತಲೇ ಇತ್ತು. ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೆ ಆಗುವವರೆಗೂ ಹಿಂಡಿದೆ. ನಾಲ್ಕನೇ ದಿನ ಬೆಳಗ್ಗೆ ನೋಡಿದರೆ ಎಲ್ಲ ಮೀನುಗಳೂ ನೀರಿನ ಮೇಲೆ ಸಾಲಾಗಿ ನಿಂತಿದ್ದವು. ಕಿವಿರ ಮುಚ್ಚಳ ಪಟಪಟ ಬಡಿದುಕೊಳ್ಳುತ್ತಿತ್ತು, ಅಂಚು ಕೆಂಪಾಗಿತ್ತು. ಸಂಜೆಯೊಳಗೆ ಹನ್ನೊಂದು ಹೋದವು. ಸ್ಪಂಜಿನಿಂದ ಇಳಿದ ಆ ಕಂದು ನೀರು ಕೊಳೆ ಅಂತ ಅಂದುಕೊಂಡಿದ್ದೆ. ತೊಟ್ಟಿಯ ಜೀವವೇ ಅದರಲ್ಲಿತ್ತು. ಈಗ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಎರಡು ಸಲ ಮೆಲ್ಲಗೆ ಹಿಂಡಿ ವಾಪಸ್ ಇಡುತ್ತೇನೆ. ಅದು ಎಂದೂ ಬೆಳ್ಳಗಾಗುವುದಿಲ್ಲ. ಆಗಬಾರದು.

ಅತ್ತೆಯವರ ಮಾತಿಗೆ ಬರುತ್ತೇನೆ. ಸೊಸೆ ನೊಂದುಕೊಳ್ಳಬಾರದು ಅಂತ ಹೇಳಿದ ಮಾತು ಅದು. ಅದರ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೂ ಒಂದು ಯೋಚನೆ ಮಾಡಿ. ಮೀನು ಕಂಟಕ ಹೊತ್ತುಕೊಂಡು ಹೋಯಿತು ಅಂದುಕೊಂಡರೆ ನಾವು ನೀರನ್ನು ಪರೀಕ್ಷೆ ಮಾಡುವುದೇ ಇಲ್ಲ. ಮುಂದಿನ ವಾರ ಇನ್ನೆರಡು ಮೀನು ತರುತ್ತೇವೆ. ಇಂಗ್ಲೆಂಡಿನಲ್ಲಿ ಟಿಷ್ ಎಂಬ ಗೋಲ್ಡ್‌ಫಿಶ್ 43 ವರ್ಷ ಬದುಕಿ 1999ರಲ್ಲಿ ಸತ್ತಿತು. ಅಷ್ಟು ಬೇಡ, ಸರಿಯಾದ ನೀರಿದ್ದರೆ ಹತ್ತು ಹದಿನೈದು ವರ್ಷ ಬದುಕುವ ಜೀವ ಅದು. ಹತ್ತು ದಿನಕ್ಕೆ ಸಾಯುವುದು ಅದರ ಹಣೆಬರಹ ಅಲ್ಲ.

ಹಾಗಾದರೆ ಮತ್ತೆ ಶುರು ಮಾಡಬಹುದೇ? ಖಂಡಿತ ಮಾಡಿ. ಆದರೆ ಬೌಲ್ ಬೇಡ. ಅದರಲ್ಲಿ ಮಗಳು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಲಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತನ್ನಿ. ತುಂಬಿದರೆ ಸುಮಾರು 56 ಲೀಟರ್. ನೀರೇ 56 ಕೆ.ಜಿ. ತೂಗುತ್ತದೆ, ಆದ್ದರಿಂದ ಟೀಪಾಯಿ ಮೇಲೆ ಇಡಬೇಡಿ, ಗಟ್ಟಿ ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡ್ ಬೇಕು. ಕಿಟಕಿಯ ಬಿಸಿಲು ನೇರ ಬೀಳಬಾರದು, ನೀರು ಹಸಿರಾಗುತ್ತದೆ. ಏರ್ ಪಂಪಿನಿಂದ ನಡೆಯುವ ಸಾದಾ ಸ್ಪಂಜ್ ಫಿಲ್ಟರ್ ಸಾಕು. ದುಬಾರಿಯದು ಬೇಕಿಲ್ಲ. ನಲ್ಲಿ ನೀರಿಗೆ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಅಥವಾ ಬಕೆಟ್‌ಗಳಲ್ಲಿ ತುಂಬಿ, ಮುಚ್ಚಳ ಇಲ್ಲದೆ ಒಂದು ದಿನ ಬಿಡಿ. ಬೋರ್‌ವೆಲ್ ನೀರಾದರೆ ಕ್ಲೋರಿನ್ ಭಯ ಇಲ್ಲ. ಆದರೆ ಭೂಮಿಯಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಅದಕ್ಕೂ ಒಂದು ದಿನ ಗಾಳಿ ಗುಳ್ಳೆ ಬಿಡಿ. ಇನ್ನೊಂದು ವಿಷಯ. ನೀರಿನ ಪಿಎಚ್, ಅಂದರೆ ಆಮ್ಲ ಕ್ಷಾರದ ಅಳತೆ, ಹೆಚ್ಚಿದ್ದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಗಡಸು ಬೋರ್‌ವೆಲ್ ನೀರಿನವರು ಇದನ್ನು ನೆನಪಿಡಬೇಕು.

ತೊಟ್ಟಿ ಸಿದ್ಧವಾದ ತಕ್ಷಣ ಮೀನು ತರಬೇಡಿ. ಮಗಳಿಗೆ ಇದು ಕಷ್ಟ, ಗೊತ್ತು. ದಿನಾ ಒಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿಗೆ ಹಾಕುವ ಕೆಲಸ ಅವಳಿಗೇ ಕೊಡಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಸೂಕ್ಷ್ಮಜೀವಿಗಳಿಗೆ ಊಟ ಸಿಗುತ್ತದೆ. "ಕಣ್ಣಿಗೆ ಕಾಣದವರಿಗೆ ಊಟ ಹಾಕ್ತಿದ್ದೀವಿ" ಅಂತ ಹೇಳಿ. ಮಕ್ಕಳು ಇಂಥದ್ದನ್ನು ನಮಗಿಂತ ಬೇಗ ಒಪ್ಪಿಕೊಳ್ಳುತ್ತಾರೆ. ಅಮೋನಿಯಾ, ನೈಟ್ರೈಟ್ ನೋಡುವ ಹನಿ ಟೆಸ್ಟ್ ಕಿಟ್ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. ಎರಡೂ ಸೊನ್ನೆ ತೋರಿಸಿ, ನೈಟ್ರೇಟ್ ಕಾಣಿಸಿದ ದಿನ ಮೀನು ತನ್ನಿ. ಊರಲ್ಲಿ ಯಾರದಾದರೂ ಮನೆಯಲ್ಲಿ ಆರೋಗ್ಯವಾದ ಹಳೇ ತೊಟ್ಟಿ ಇದ್ದರೆ ಅವರ ಫಿಲ್ಟರಿನ ಸ್ಪಂಜಿನದೊಂದು ತುಂಡು ಕೇಳಿ ತನ್ನಿ. ಹೆಪ್ಪಿಗೆ ಮಜ್ಜಿಗೆ ತಂದ ಹಾಗೆ. ಕಾಯುವ ದಿನ ಎಷ್ಟೋ ಕಡಿಮೆಯಾಗುತ್ತದೆ. ಆಮೇಲೆ ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರು ಮಾತ್ರ ಬದಲಾಯಿಸಿ. ಪೂರ್ತಿ ಎಂದೂ ಬೇಡ.

ಗೋಲ್ಡ್‌ಫಿಶ್‌ಗೆ ಈ ತೊಟ್ಟಿಯೂ ಚಿಕ್ಕದು. ಅದು ಒಂದು ಗೇಣಿಗಿಂತ ದೊಡ್ಡದಾಗುತ್ತದೆ. ನಿಮಗೆ ಗಪ್ಪಿ ಸರಿ. ಹೆಣ್ಣು ಎರಡು, ಗಂಡು ಒಂದು. ದಕ್ಷಿಣ ಅಮೆರಿಕದ ಉತ್ತರ ತುದಿ, ಟ್ರಿನಿಡಾಡ್ ಕಡೆಯ ಮೀನು ಅದು. 1866ರಲ್ಲಿ ಟ್ರಿನಿಡಾಡ್‌ನಿಂದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಅದನ್ನು ಕಳಿಸಿದ ರಾಬರ್ಟ್ ಗಪ್ಪಿ ಅವರ ಹೆಸರೇ ಅದಕ್ಕೆ ಉಳಿಯಿತು. ಗಡಸು ನೀರು ಅದಕ್ಕೆ ಇಷ್ಟ. ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ನಿಮ್ಮ ಮಗಳು ಆ ದಿನವನ್ನು ಮರೆಯುವುದಿಲ್ಲ. ಇಂಥ ಉಷ್ಣವಲಯದ ಮೀನುಗಳಿಗೆ ನೀರು 24ರಿಂದ 28 ಡಿಗ್ರಿ ಇರಬೇಕು. ಡಿಸೆಂಬರ್ ಜನವರಿಯಲ್ಲಿ ನಿಮ್ಮ ಹಾಸನದ ರಾತ್ರಿ ಚಳಿಗೆ 50 ವ್ಯಾಟಿನ ಹೀಟರ್ ಇಡಿ. ನಿಯಾನ್ ಟೆಟ್ರಾ ನೋಡಲು ಚಂದ. ಆದರೆ ಅದು ಅಮೆಜಾನ್ ಕಡೆಯ ಮೆದು ನೀರಿನ ಮೀನು, ಮೊದಲನೇ ವರ್ಷ ಬೇಡ.

ಈಗ ಸಕ್ಕರ್. ದಯವಿಟ್ಟು ಕೆರೆಗೆ ಬಿಡಬೇಡಿ. ಇದನ್ನು ಕೈ ಮುಗಿದು ಕೇಳುತ್ತೇನೆ.

ಅದು ಹೇಗೆ ಉಳಿಯಿತು ಗೊತ್ತಾ? ಆಗಾಗ ಸರ್‍ರನೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ತಳಕ್ಕೆ ಹೋಗುವುದನ್ನು ನೀವು ನೋಡಿರಬಹುದು. ಆ ಗಾಳಿಯನ್ನು ಅದು ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಿಂದಲೇ ಆಮ್ಲಜನಕ ಹೀರುತ್ತದೆ. ಗೋಲ್ಡ್‌ಫಿಶ್‌ಗೆ ಹೊಟ್ಟೆಯೇ ಇಲ್ಲ, ಇದಕ್ಕೆ ಹೊಟ್ಟೆಯೇ ಶ್ವಾಸಕೋಶ. ಎಂಥ ಕೆಟ್ಟ ನೀರಿನಲ್ಲೂ ಬದುಕುವ ಈ ಶಕ್ತಿಯೇ ಕೆರೆಗೆ ಅಪಾಯ. ದಕ್ಷಿಣ ಅಮೆರಿಕದಿಂದ ಬಂದ ಈ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ. ಮೈತುಂಬ ಗಡಸು ಫಲಕ, ಮುಳ್ಳು. ಮೀನುಗಾರರ ಬಲೆ ಹರಿಯುತ್ತದೆ. ಮೊಟ್ಟೆ ಇಡಲು ದಡದಲ್ಲಿ ಬಿಲ ತೋಡುತ್ತದೆ. ನಮ್ಮ ಕೆರೆಗಳ ಏರಿ ಮಣ್ಣಿನದು ಅನ್ನುವುದನ್ನು ನೆನಪು ಮಾಡಿಕೊಳ್ಳಿ. ಆಂಧ್ರದಲ್ಲಿ, ಕೋಲ್ಕತ್ತದ ಪೂರ್ವದ ಜೌಗು ಭೂಮಿಯಲ್ಲಿ ಮೀನು ಹಿಡಿಯುವವರು ಇದರಿಂದ ಈಗಾಗಲೇ ಕಷ್ಟ ಪಡುತ್ತಿದ್ದಾರೆ. ಅದೆಲ್ಲ ಶುರುವಾಗಿದ್ದು ಯಾರದೋ ಮನೆಯ ತೊಟ್ಟಿಯಿಂದ, ಯಾರದೋ ಸಾಕಣೆ ಕೊಳದಿಂದ.

ಕೆರೆಗೆ ಬಿಟ್ಟರೆ ಜೀವ ಉಳಿಸಿದ ಪುಣ್ಯ ಅನ್ನುವ ಭಾವನೆ ನಮ್ಮಲ್ಲಿ ಸಹಜ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿದವರು ನಾವು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ದೇವಸ್ಥಾನದ ಪಕ್ಕದ ಹೊಳೆಯಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ದೇವರ ಮೀನುಗಳನ್ನು ಕೊಂದಾಗ ಜನ ಅತ್ತರು, ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಆದರೆ ಆ ಮೀನುಗಳು ಆ ಹೊಳೆಯವೇ. ನಿಮ್ಮ ಸಕ್ಕರ್‌ಗೆ ಹಾಸನದ ಕೆರೆ ಊರಲ್ಲ. ಅಂಗಡಿಗೆ ವಾಪಸ್ ಕೊಡಿ, ಇಲ್ಲವೇ ನಾಲ್ಕೈದು ಅಡಿಯ ತೊಟ್ಟಿ ಇರುವವರನ್ನು ಹುಡುಕಿ ಕೊಡಿ. ಅಲ್ಲಿಯವರೆಗೆ ದೊಡ್ಡ ಟಬ್‌ನಲ್ಲಿ, ಏರ್ ಪಂಪ್ ಹಾಕಿ, ದಿನಾ ಮೂರನೇ ಒಂದು ಭಾಗ ನೀರು ಬದಲಿಸುತ್ತಾ ಇಟ್ಟುಕೊಳ್ಳಿ. ಸೌತೆಕಾಯಿ ಹೋಳು ಹಾಕಿ, ತಿನ್ನುತ್ತದೆ.

ಗಿಳಿಮರಿಯ ವಿಷಯದಲ್ಲಿ ಯೋಚನೆಯೇ ಬೇಡ. ತರಬೇಡಿ. ಕೊರಳಲ್ಲಿ ಉಂಗುರ ಇರುವ ನಮ್ಮ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. "ಎಲ್ಲರ ಮನೆಯಲ್ಲೂ ಇದೆಯಲ್ಲ" ಅನ್ನಬಹುದು. ಇದ್ದ ಮಾತ್ರಕ್ಕೆ ಸರಿಯಾಗುವುದಿಲ್ಲ. ಆ ಮರಿ ಬಂದಿರುವುದು ಯಾವುದೋ ಮರದ ಪೊಟರೆಯಿಂದ, ರೆಕ್ಕೆ ಬಲಿಯುವ ಮೊದಲೇ. ಹತ್ತಾರು ಗಿಳಿಗಳ ಜೊತೆ ಕೂಗಾಡಿಕೊಂಡು ಹಾರಬೇಕಾದ ಹಕ್ಕಿ ಅದು. ನಕ್ಷತ್ರ ಆಮೆಯನ್ನು ಯಾರಾದರೂ ಅದೃಷ್ಟ ಅಂತ ಕೊಡಲು ಬಂದರೂ ಇದೇ ಉತ್ತರ. ಹಕ್ಕಿ ಬೇಕೇ ಬೇಕು ಅಂದರೆ ತಾರಸಿಯ ಮೇಲೆ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಮಾರ್ಚ್ ಬರುವಷ್ಟರಲ್ಲಿ ಪಿಕಳಾರ, ಮೈನಾ ಬಂದು ಸ್ನಾನ ಮಾಡುತ್ತವೆ. ಮೈದಡವಲು ಒಂದು ಜೀವ ಬೇಕು ಅಂದರೆ ನಿಮ್ಮ ಬೀದಿಯಲ್ಲೇ ನಾಯಿಮರಿಗಳಿರುತ್ತವೆ. ಲಸಿಕೆ ಹಾಕಿಸಿ ಸಾಕಿ.

ಇನ್ನು ನೀನು, ಪುಟ್ಟಾ. ನಿನ್ನ ಪ್ರಶ್ನೆ ಬಹಳ ಚೆನ್ನಾಗಿದೆ. ಮೀನಿಗೆ ಕಣ್ಣಿನ ರೆಪ್ಪೆ ಇಲ್ಲ. ನಮಗೆ ಕಣ್ಣು ಒಣಗದಿರಲಿ ಅಂತ ರೆಪ್ಪೆ ಬೇಕು, ಮೀನು ಸದಾ ನೀರಲ್ಲೇ ಇರುತ್ತಲ್ಲ. ಅದಕ್ಕೇ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತದೆ. ಲೈಟ್ ಇದ್ದರೆ ಅದಕ್ಕೆ ನಿದ್ದೆ ಬರುವುದಿಲ್ಲ, ಮುಚ್ಚಿಕೊಳ್ಳಲು ರೆಪ್ಪೆ ಇಲ್ಲವಲ್ಲ. ಹೊಸ ತೊಟ್ಟಿಗೆ ಗಪ್ಪಿ ಬಂದ ಮೇಲೆ ರಾತ್ರಿ ತೊಟ್ಟಿಯ ಲೈಟ್ ನೀನೇ ಆರಿಸು. ಅರ್ಧ ಗಂಟೆ ಬಿಟ್ಟು ಸದ್ದು ಮಾಡದೆ ಹೋಗಿ ನೋಡು. ಗಿಡದ ಬುಡದ ಹತ್ತಿರ ಅಲ್ಲಾಡದೆ ನಿಂತಿರುತ್ತವೆ, ಕಿವಿರು ಮಾತ್ರ ನಿಧಾನವಾಗಿ ಆಡುತ್ತಿರುತ್ತದೆ. ಒಂದು ನಿಮಿಷಕ್ಕೆ ಎಷ್ಟು ಸಲ ಆಡುತ್ತದೆ ಅಂತ ಎಣಿಸಿ ನನಗೆ ಬರಿ.