ಎಮ್‌ಆರ್‌ಐ ನಾರ್ಮಲ್ ಬಂದರೆ ಸ್ಕಿಜೋಫ್ರೀನಿಯಾ ಇಲ್ಲ ಅಂತಾನಾ?

ತಮ್ಮನ ಎಮ್‌ಆರ್‌ಐ ನಾರ್ಮಲ್ ಬಂದಿದೆ, ಡಾಕ್ಟ್ರು ಮಾತ್ರ ಸ್ಕಿಜೋಫ್ರೀನಿಯಾದ ಶುರು ಅಂತಿದ್ದಾರೆ, ಮಾತ್ರೆ ಕೊಡುವ ಮೊದಲು 3 ಟೆಸ್ಲಾ, ಅಂದರೆ ಇನ್ನೂ ಬಲವಾದ ಆಯಸ್ಕಾಂತದ ಮಷೀನಿನಲ್ಲಿ ಇನ್ನೊಂದು ಸಲ ನೋಡಿಸಲಾ ಅಂತ ಕೇಳಿದ್ದೀರಿ. ಬೇಡ. ಡಾಕ್ಟ್ರು ಬರೆದ ಮಾತ್ರೆ ಇವತ್ತೇ ಶುರು ಮಾಡಿ, ಉಳಿದದ್ದನ್ನು ಆಮೇಲೆ ಓದಿ.

ನನ್ನ ತಮ್ಮನಿಗೆ ಶುರುವಾದಾಗ ಅವನು ಹಾಸನದಲ್ಲಿ ಡಿಪ್ಲೊಮಾ ಕೊನೆಯ ವರ್ಷ. ಮೊದಲು ಸ್ನಾನ ಬಿಟ್ಟ, ಆಮೇಲೆ ಕ್ಲಾಸು ಬಿಟ್ಟ. ಕಿಟಕಿಗೆಲ್ಲ ಪೇಪರ್ ಅಂಟಿಸಿದ. ಪಕ್ಕದ ಮನೆಯವರು ತನ್ನ ಬಗ್ಗೆನೇ ಮಾತಾಡುತ್ತಾರೆ, ಗೋಡೆಯ ಆಚೆಯಿಂದ ಎಲ್ಲಾ ಕೇಳಿಸುತ್ತೆ ಅನ್ನುತ್ತಿದ್ದ. ಪಕ್ಕದ ಮನೆ ಖಾಲಿ ಇತ್ತು. ಅಮ್ಮ ಪರೀಕ್ಷೆ ಟೆನ್ಷನ್ ಅಂದರು, ಚಿಕ್ಕಪ್ಪ ಯಾರೋ ಮಾಟ ಮಾಡಿಸಿದ್ದಾರೆ ಅಂದರು. ನಾನು ಬಿಎಸ್ಸಿ ಓದಿದವಳು, ಇದೆಲ್ಲ ನನ್ನ ಹತ್ತಿರ ನಡೆಯಲ್ಲ ಅಂತ ಜಗಳ ಮಾಡಿ ಸೈಕಿಯಾಟ್ರಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ಅವರು ತುಂಬಾ ಹೊತ್ತು ಮಾತಾಡಿಸಿದರು, ರಿಸ್ಪೆರಿಡೋನ್ ಬರೆದರು, ಬೇರೆ ಕಾರಣ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳೋಣ, ಒಂದು ಎಮ್‌ಆರ್‌ಐ ಮಾಡಿಸಿ ಅಂದರು.

ನಾನು ಎಡವಿದ್ದು ಇಲ್ಲಿ. 'ಬೇರೆ ಕಾರಣ' ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ. ಅವರು ಸ್ಕ್ಯಾನ್ ಮಾಡಿಸಿದ್ದು ಗೆಡ್ಡೆ ಇದೆಯಾ, ಸ್ಟ್ರೋಕ್ ಆಗಿದೆಯಾ, ಸೋಂಕು ಇದೆಯಾ ಅಂತ ನೋಡೋಕೆ. ನಾನು ತಿಳಿದುಕೊಂಡಿದ್ದು ಅದು ಸ್ಕಿಜೋಫ್ರೀನಿಯಾ ಹುಡುಕುವ ಸ್ಕ್ಯಾನ್ ಅಂತ. ಹಿಂದಿನ ರಾತ್ರಿ ಮೊಬೈಲಿನಲ್ಲಿ ಕೂತು ಓದಿದ್ದೆನಲ್ಲ, ಈ ಕಾಯಿಲೆಯಲ್ಲಿ ಮೆದುಳಿನ ವೆಂಟ್ರಿಕಲ್, ಅಂದರೆ ನೀರು ತುಂಬಿರುವ ಟೊಳ್ಳು ಜಾಗ, ದೊಡ್ಡದಾಗುತ್ತೆ, ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಅನ್ನುವ ಭಾಗ ಚಿಕ್ಕದಾಗುತ್ತೆ ಅಂತ. ರಿಪೋರ್ಟ್ ಕೊನೆಯಲ್ಲಿ 'ನಾರ್ಮಲ್ ಸ್ಟಡಿ' ಅಂತ ಇತ್ತು. ಮುಗೀತು. ಅಮ್ಮ ಆ ಕವರನ್ನು ದೇವರ ಫೋಟೋ ಮುಂದೆ ಇಟ್ಟು ಕುಂಕುಮ ಹಚ್ಚಿದರು. ತಮ್ಮ ಮಾತ್ರೆ ಪಕ್ಕಕ್ಕೆ ತಳ್ಳಿ, "ನನ್ನ ತಲೇಲಿ ಏನೂ ಇಲ್ಲ ಅಂತ ಮಷೀನೇ ಹೇಳ್ತಲ್ಲ ಅಕ್ಕ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಒಳಗೊಳಗೇ ನಾನೂ ಅದನ್ನೇ ನಂಬಿದ್ದೆ. ಮಾತ್ರೆ ನಿಂತಿತು. ನಿಮ್ಮ ಹಾಗೇ ನನಗೂ ಮಷೀನ್ ಮೇಲೇ ಅನುಮಾನ ಬಂತು, ಬೆಂಗಳೂರಿಗೆ ಕರೆದುಕೊಂಡು ಹೋಗಿ 3 ಟೆಸ್ಲಾದಲ್ಲಿ ಮಾಡಿಸಿದೆ. ಅದೂ ನಾರ್ಮಲ್. ಆ ಕಾಯುವಿಕೆಯಲ್ಲಿ ವರ್ಷ ಹಾಳಾಯಿತು, ಡಿಪ್ಲೊಮಾ ಹೋಯಿತು, ಕೊನೆಗೆ ಒಂದು ರಾತ್ರಿ ಮನೆ ಬಿಟ್ಟು ಹೋದವನು ಅರಸೀಕೆರೆ ಸ್ಟೇಷನ್ನಿನಲ್ಲಿ ಸಿಕ್ಕ.

ನಾನು ಓದಿದ್ದು ಸುಳ್ಳೇನಲ್ಲ. ತಪ್ಪಾದದ್ದು ಅದನ್ನು ನನ್ನ ತಮ್ಮನ ಒಂದು ಫಿಲ್ಮಿಗೆ ಅನ್ವಯಿಸಿದ್ದು. 1976ರಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್‌ನಲ್ಲಿ ಈವ್ ಜಾನ್‌ಸ್ಟನ್, ಟಿಮ್ ಕ್ರೋ ಮತ್ತು ಜೊತೆಗಾರರು ಸಿಟಿ ಸ್ಕ್ಯಾನ್ ಮಾಡಿ ವೆಂಟ್ರಿಕಲ್ ದೊಡ್ಡದಾಗಿರುವುದನ್ನು ತೋರಿಸಿದರು. ಅವರು ನೋಡಿದ್ದು ಎಷ್ಟೋ ವರ್ಷದ ಹಳೇ ರೋಗಿಗಳನ್ನು. ಎಮ್‌ಆರ್‌ಐ ಬಂದ ಮೇಲೆ, ಮೊದಲ ಸಲ ಕಾಯಿಲೆ ಬಿದ್ದವರಲ್ಲೂ ಇಂಥ ಬದಲಾವಣೆ ಕಂಡಿತು, ಆದರೆ ಸಣ್ಣದು. ಎನಿಗ್ಮಾ ಅಂತ ಹಲವು ದೇಶಗಳ ಸಂಶೋಧಕರ ಗುಂಪಿದೆ. 2016ರಲ್ಲಿ ಅವರು 2028 ರೋಗಿಗಳನ್ನು 2540 ಆರೋಗ್ಯವಂತರ ಜೊತೆ ಹೋಲಿಸಿದರು. ಹಿಪ್ಪೋಕ್ಯಾಂಪಸ್, ಅಮಿಗ್ಡಲಾ, ಥಲಾಮಸ್ ಅನ್ನುವ ಮೆದುಳಿನ ಒಳಭಾಗಗಳು ಚಿಕ್ಕವು, ವೆಂಟ್ರಿಕಲ್ ದೊಡ್ಡದು ಅಂತ ಬಂತು. 2018ರಲ್ಲಿ ಇನ್ನೂ ಜಾಸ್ತಿ ಜನರಲ್ಲಿ ನೋಡಿದಾಗ ಮೆದುಳಿನ ಹೊರಪದರ ತೆಳ್ಳಗಿತ್ತು, ಹಣೆಯ ಹಿಂದೆ ಮತ್ತು ಕಿವಿಯ ಪಕ್ಕದ ಭಾಗದಲ್ಲಿ ಹೆಚ್ಚು.

ಇದೆಲ್ಲ ಸರಾಸರಿ ಲೆಕ್ಕ ಸ್ವಾಮಿ. ಒಂದು ಊರಿನವರ ಸರಾಸರಿ ಎತ್ತರ ಪಕ್ಕದ ಊರಿಗಿಂತ ಸ್ವಲ್ಪ ಕಡಿಮೆ ಅಂದುಕೊಳ್ಳಿ. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಒಬ್ಬನ ಎತ್ತರ ನೋಡಿ ಅವನು ಯಾವ ಊರಿನವನು ಅಂತ ಹೇಳೋಕಾಗುತ್ತಾ? ಸ್ಕ್ಯಾನಿಂಗ್ ಸೆಂಟರಿನ ರೇಡಿಯಾಲಜಿಸ್ಟ್ ಕಣ್ಣಿಗೆ ಕಾಣುವ ಗಾಯ, ಗೆಡ್ಡೆ, ಊತ ಹುಡುಕುತ್ತಾರೆ. ಹಿಪ್ಪೋಕ್ಯಾಂಪಸ್ ಶೇಕಡಾ ಎಷ್ಟು ಕಡಿಮೆ ಇದೆ ಅಂತ ಅಳೆಯುವುದಿಲ್ಲ. ಅಳೆದರೂ ನಿಮ್ಮ ತಮ್ಮನದು ಮೊದಲು ಎಷ್ಟಿತ್ತು ಅಂತ ಯಾರಿಗೆ ಗೊತ್ತು?

ಮಷೀನ್ ದೊಡ್ಡದಾದರೆ ಕಾಣುತ್ತೆ ಅನ್ನುವುದೂ ಇಲ್ಲಿ ಕೆಲಸ ಮಾಡಲ್ಲ. ಹದಿಹರೆಯದಲ್ಲಿ ಎಲ್ಲರ ಮೆದುಳೂ ನರಕೋಶಗಳ ನಡುವಿನ ಬೇಡದ ಕೊಂಡಿಗಳನ್ನು ಕಡಿದು ಹಾಕುತ್ತೆ. ಈ ಕಾಯಿಲೆಯಲ್ಲಿ ಆ ಕೆಲಸ ಕೆಟ್ಟಿರಬಹುದು ಅಂತ 1982ರಲ್ಲಿ ಫೈನ್‌ಬರ್ಗ್ ಅನ್ನುವ ಸಂಶೋಧಕರು ಹೇಳಿದರು. 1994ರಲ್ಲಿ ಅದನ್ನು ಮತ್ತೆ ಎತ್ತಿಕೊಂಡು, ಕಡಿಯುವುದು ಅತಿಯಾಗುತ್ತಿದೆಯಾ ಅಂತ ಕೇಳಿದವರಲ್ಲಿ ಮೊದಲಿಗರು ನಮ್ಮ ನಿಮ್ಹಾನ್ಸ್‌ನಲ್ಲಿ ಕಲಿತ ಮಾಚೇರಿ ಕೇಶವನ್. 2016ರಲ್ಲಿ ಸಿ4 ಅನ್ನುವ ಜೀನ್ ಇದಕ್ಕೆ ಕೈ ಜೋಡಿಸುತ್ತಿರಬಹುದು ಅಂತ ಅಮೆರಿಕದಿಂದ ಸುದ್ದಿ ಬಂತು. ಆ ಕೊಂಡಿ ಒಂದೊಂದಾಗಿ ಕಾಣುವುದು ಮೈಕ್ರೋಸ್ಕೋಪಿನಲ್ಲಿ. 3 ಬಿಡಿ, 7 ಟೆಸ್ಲಾಕ್ಕೂ ಸಿಗಲ್ಲ.

ನಿಮ್ಮ ಮನೆಯಲ್ಲಿ ಯಾರೋ 'ಮಾತ್ರೆಯಿಂದಲೇ ಮೆದುಳು ಕುಗ್ಗುತ್ತೆ' ಅಂತ ಇಷ್ಟೊತ್ತಿಗೆ ಹೇಳಿರುತ್ತಾರೆ, ಅಲ್ವಾ? ಅದರಲ್ಲೂ ಅರ್ಧ ಸತ್ಯ ಇದೆ. ಅಮೆರಿಕದ ಅಯೋವಾದಲ್ಲಿ 211 ರೋಗಿಗಳನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಸ್ತಿ ಔಷಧ ತೆಗೆದುಕೊಂಡವರಲ್ಲಿ ಗ್ರೇ ಮ್ಯಾಟರ್, ಅಂದರೆ ನರಕೋಶಗಳು ತುಂಬಿರುವ ಭಾಗ, ಉಳಿದವರಿಗಿಂತ ಸ್ವಲ್ಪ ಜಾಸ್ತಿ ಕುಗ್ಗಿತ್ತು. ಆದರೆ ಒಂದೂ ಮಾತ್ರೆ ನುಂಗದವರಲ್ಲೂ ವ್ಯತ್ಯಾಸ ಕಂಡಿದೆ, ಅಂಥ ಅಧ್ಯಯನಗಳು ನಿಮ್ಹಾನ್ಸ್‌ನಲ್ಲೂ ಆಗಿವೆ. ಹಾಗಾಗಿ ಎಷ್ಟು ಕಡಿಮೆ ಡೋಸ್‌ನಲ್ಲಿ ನಡೆಯುತ್ತೆ ಅಂತ ಡಾಕ್ಟ್ರನ್ನು ಕೇಳಿ, ಶುರು ಮಾಡುವುದಾ ಬೇಡವಾ ಅಂತ ಅಲ್ಲ. ನಿಮ್ಹಾನ್ಸ್‌ನವರು ತೀರ್ಥಹಳ್ಳಿ ತಾಲೂಕಿನ ಹಳ್ಳಿಗಳಲ್ಲಿ ಈ ಕಾಯಿಲೆಯವರನ್ನು ಹುಡುಕಿ ಒಂದು ವರ್ಷ ಗಮನಿಸಿದಾಗ, ಮಾತ್ರೆ ತೆಗೆದುಕೊಂಡವರು ದಿನನಿತ್ಯದ ಬದುಕಿನಲ್ಲಿ ಸುಧಾರಿಸಿದರು, ತೆಗೆದುಕೊಳ್ಳದವರು ಹಾಗೇ ಇದ್ದರು. ನನಗೆ ಇದು ಯಾವ ಸ್ಕ್ಯಾನಿಗಿಂತಲೂ ದೊಡ್ಡ ಸಾಕ್ಷಿ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಅನುಮಾನಕ್ಕೆ ಬೆಲೆ ಕೊಡುತ್ತೇನೆ. ಎಲ್ಲಾ ಕೆಲವೇ ದಿನದಲ್ಲಿ ದಿಢೀರ್ ಅಂತ ಶುರುವಾಗಿದ್ದರೆ, ಜ್ವರ, ಫಿಟ್ಸ್, ಬಾಯಿ ಕೈ ವಿಚಿತ್ರವಾಗಿ ಆಡುವುದು, ದಿನ ಯಾವುದು ಅಂತಲೂ ಗೊತ್ತಾಗದಿರುವುದು ಇದ್ದರೆ, ಇವತ್ತೇ ನರರೋಗ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ. ಅದು ಮೆದುಳಿನ ಉರಿಯೂತ ಇರಬಹುದು. ತಮಾಷೆ ನೋಡಿ, ಅದರಲ್ಲೂ ಎಷ್ಟೋ ಸಲ ಎಮ್‌ಆರ್‌ಐ ನಾರ್ಮಲ್ಲೇ ಬರುತ್ತೆ. ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ ಮಾಡಿ, ಬೆನ್ನಿನಿಂದ ನೀರು ತೆಗೆದು ನೋಡಬೇಕಾಗುತ್ತೆ.

ನನ್ನ ತಮ್ಮ ಈಗ ಊರಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂರುತ್ತಾನೆ. ಡಿಪ್ಲೊಮಾ ಮುಗಿಸಲಿಲ್ಲ. ದನಿಗಳು ಪೂರ್ತಿ ಹೋಗಿಲ್ಲ, ಆದರೆ ಅವುಗಳ ಮಾತು ಕೇಳಿ ಎದ್ದು ಹೋಗುವುದಿಲ್ಲ.

ಸ್ಕ್ಯಾನಿಗೆ ಎತ್ತಿಟ್ಟ ದುಡ್ಡು ಹಾಗೇ ಇರಲಿ, ಖರ್ಚಿದೆ. ಈ ಮಾತ್ರೆಗಳಲ್ಲಿ ತೂಕ ಏರುತ್ತೆ, ಓಲಾಂಜಪಿನ್ ಕೊಟ್ಟರಂತೂ ಇನ್ನೂ ಜಾಸ್ತಿ. ಶುರುವಿನಲ್ಲೇ ತೂಕ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ ಬರೆದಿಡಿ, ಆಮೇಲೂ ಆಗಾಗ ನೋಡಿಸುತ್ತಿರಿ. ನಿಮ್ಮ ತಮ್ಮ ಮಾತ್ರೆ ಒಲ್ಲೆ ಅಂದ ದಿನ ಮನೆಯಲ್ಲಿ ಜಗಳಕ್ಕೆ ಇಳಿಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.